ಮೂಕಿಯ ಚಾರ್ಲಿ, ಮಾತಿನ ಕಳ್ಳ

ಕಾಡುಗೋಡಿಯ ನಮ್ಮ ಬಾಡಿಗೆ ಕೋಣೆಯಲ್ಲಿ ನಾವು ನಾಲ್ವರು. ಒಡಿಶಾದವನೊಬ್ಬ, ಬಿಹಾರದವನೊಬ್ಬ, ತಮಿಳುನಾಡಿನವನೊಬ್ಬ, ತುಮಕೂರು ಕಡೆಯವನು ನಾನು. ಒಂದು ಭಾನುವಾರ ಲ್ಯಾಪ್‌ಟಾಪಿನಲ್ಲಿ ಚಾರ್ಲಿ ಚಾಪ್ಲಿನ್ ಅವರ 'ಮಾಡರ್ನ್ ಟೈಮ್ಸ್' ಹಾಕಿದೆ. ಬೆಲ್ಟಿನ ಮೇಲೆ ಸಾಗಿ ಬರುವ ನಟ್ಟುಗಳನ್ನು ತಿರುಗಿಸೀ ತಿರುಗಿಸೀ, ಕೆಲಸ ನಿಂತ ಮೇಲೂ ಚಾರ್ಲಿಯ ಕೈಗಳು ತಿರುಗುತ್ತಲೇ ಇರುತ್ತವೆ. ಕಾರ್ಖಾನೆಯ ಶಿಫ್ಟು ಮುಗಿಸಿ ಬಂದಿದ್ದ ಮೂವರೂ ಬಿದ್ದು ಬಿದ್ದು ನಕ್ಕರು. ಯಾರಿಗೂ ಏನನ್ನೂ ವಿವರಿಸಬೇಕಾಗಲಿಲ್ಲ. ಅದೇ ಉತ್ಸಾಹದಲ್ಲಿ ನಾನು, ನಮ್ಮಜ್ಜ ಹೇಳುತ್ತಿದ್ದ 'ಸದಾರಮೆ' ನಾಟಕದ ಕಳ್ಳನ ಪ್ರಸಂಗವೊಂದನ್ನು ಹೇಳಹೊರಟೆ. ಹಿಂದಿಗೆ ತಿರುಗಿಸುವಷ್ಟರಲ್ಲಿ ಅದರ ನಗು ಸತ್ತುಹೋಗಿತ್ತು.

ಆ ಕಳ್ಳನ ಪಾತ್ರಕ್ಕೆ ನಾಡಿನಲ್ಲೆಲ್ಲ ಹೆಸರಾದವರು ಗುಬ್ಬಿ ವೀರಣ್ಣ. ಅವರಿಗೂ ಚಾಪ್ಲಿನ್‌ಗೂ ಇರುವ ಹೋಲಿಕೆ ಆ ರಾತ್ರಿಯೇ ನನ್ನ ತಲೆಗೆ ಹೊಕ್ಕಿದ್ದು. ಚಾಪ್ಲಿನ್ ಹುಟ್ಟಿದ್ದು 1889ರಲ್ಲಿ, ವೀರಣ್ಣ 1891ರಲ್ಲಿ. ತಂದೆಯ ಕುಡಿತ, ತಾಯಿಯ ಕಾಯಿಲೆಯ ನಡುವೆ ಚಾಪ್ಲಿನ್ ಏಳನೆಯ ವಯಸ್ಸಿಗೇ ಲಂಡನ್ನಿನ ಬಡವರ ವರ್ಕ್‌ಹೌಸ್ ಕಂಡರು. ಹುಡುಗನಾಗಿರುವಾಗಲೇ ರಂಗ ಹತ್ತಿದರು. ವೀರಣ್ಣನವರೂ ಎಳೆಯ ವಯಸ್ಸಿನಲ್ಲೇ ಗುಬ್ಬಿ ಕಂಪನಿ ಸೇರಿದವರು. 1917ರಲ್ಲಿ ಆ ಕಂಪನಿಗೆ ಅವರೇ ಒಡೆಯರಾದರು. ಎರಡು ವರ್ಷದ ಬಳಿಕ ಚಾಪ್ಲಿನ್ ಮೂವರು ಗೆಳೆಯರೊಂದಿಗೆ 'ಯುನೈಟೆಡ್ ಆರ್ಟಿಸ್ಟ್ಸ್' ಕಟ್ಟಿದರು. ನಗಿಸುವವನು ಇನ್ನೊಬ್ಬರ ಸಂಬಳಕ್ಕೆ ಕಾಯಬಾರದೆಂದು ಇಬ್ಬರಿಗೂ ಅನ್ನಿಸಿರಬೇಕು.

ಆದರೆ ಸಿನಿಮಾಕ್ಕೆ ಮಾತು ಬಂದಾಗ ಇಬ್ಬರ ದಾರಿಯೂ ಬೇರೆಯಾಯಿತು.

ದೊಗಳೆ ಪ್ಯಾಂಟು, ಬಿಗಿ ಕೋಟು, ಬೆತ್ತದ ಅಲೆಮಾರಿ ಚಾರ್ಲಿ ತೆರೆಗೆ ಬಂದದ್ದು 1914ರಲ್ಲಿ. ಅವನಿಗೆ ತಾಯ್ನುಡಿಯೇ ಇರಲಿಲ್ಲ. ಹಾಗಾಗಿ ಎಲ್ಲ ದೇಶದವನೂ ಆಗಿದ್ದ. ಇಂಗ್ಲಿಷ್ ಆಡಿದ್ದರೆ ಅರ್ಧ ಜಗತ್ತಿಗೆ ಪರಕೀಯನಾಗುತ್ತಿದ್ದ. ಹಾಲಿವುಡ್ಡೆಲ್ಲ ಮಾತನಾಡತೊಡಗಿದ್ದರೂ ಚಾಪ್ಲಿನ್ 1931ರಲ್ಲಿ 'ಸಿಟಿ ಲೈಟ್ಸ್' ಚಿತ್ರವನ್ನು ಸಂಭಾಷಣೆಯಿಲ್ಲದೆ, ತಾವೇ ಕೂಡಿಸಿದ ಸಂಗೀತದೊಂದಿಗೆ ತಂದರು. 1936ರ 'ಮಾಡರ್ನ್ ಟೈಮ್ಸ್'ನಲ್ಲಿ ಚಾರ್ಲಿಯ ದನಿ ಮೊದಲ ಸಲ ಕೇಳಿಸುತ್ತದೆ. ಅಂಗಿಯ ಕೈಪಟ್ಟಿಯ ಮೇಲೆ ಬರೆದುಕೊಂಡ ಹಾಡು ಕೈಪಟ್ಟಿಯ ಜೊತೆಗೇ ಹಾರಿಹೋಗಿ, ಯಾವ ಭಾಷೆಯೂ ಅಲ್ಲದ ಪದಗಳನ್ನು ಹಾಡುತ್ತಾನೆ. ಮುಂದೆ 1940ರ 'ದಿ ಗ್ರೇಟ್ ಡಿಕ್ಟೇಟರ್'ನಲ್ಲಿ ಚಾಪ್ಲಿನ್ ಪೂರ್ತಿ ಮಾತಿಗಿಳಿದಾಗ ಆ ಅಲೆಮಾರಿ ಹಿಂದೆ ಉಳಿದಿದ್ದ.

ಚಾಪ್ಲಿನ್ ಮೂಕಿಯನ್ನು ಬಿಡಲೊಲ್ಲದ ಹೊತ್ತಿಗೇ ವೀರಣ್ಣ ಮೂಕಿಗೆ ಕೈಹಾಕಿದರು. 1930ರ ದಶಕದ ಮೊದಲಲ್ಲಿ 'ಹಿಸ್ ಲವ್ ಅಫೇರ್', 'ಹರಿಮಾಯಾ' ಬಂದವು. ನನಗೆ ಕಾಡುವ ಪ್ರಶ್ನೆ ಇಷ್ಟೇ: ನಾಲಗೆಯೇ ಬಂಡವಾಳವಾದ ಕಲಾವಿದ ಸದ್ದಿಲ್ಲದ ತೆರೆಯ ಮೇಲೆ ಏನು ಮಾಡಿಯಾರು? ಅಜ್ಜ ಹೇಳುತ್ತಿದ್ದ ಪ್ರಕಾರ, ಕಂಪನಿ ನಾಟಕದ ಕಳ್ಳ ಬರೆದುಕೊಟ್ಟ ಮಾತಿಗೆ ನಿಲ್ಲುವವನಲ್ಲ. ಕ್ಯಾಂಪು ಹಾಕಿದ ಊರಿನ ಸುದ್ದಿಯನ್ನೇ ಎತ್ತಿಕೊಂಡು ನಗಿಸುತ್ತಿದ್ದ. 1934ರಲ್ಲಿ 'ಸತಿ ಸುಲೋಚನ'ದಿಂದ ಕನ್ನಡ ತೆರೆಗೆ ಮಾತು ಬಂತು. ಮರುವರ್ಷವೇ ವೀರಣ್ಣ 'ಸದಾರಮೆ'ಯನ್ನು ತೆರೆಗೆ ತಂದರು. ಮುಂದೆ ಅವರ ಗುಬ್ಬಿ ಕಂಪನಿಯ ನಂಟಿನಿಂದಲೇ 1954ರ 'ಬೇಡರ ಕಣ್ಣಪ್ಪ' ಬಂತು. ನಾಯಕನಾಗಿ ರಾಜಕುಮಾರ್, ನಗಿಸಲು ನರಸಿಂಹರಾಜು.

1972ರಲ್ಲಿ ಚಾಪ್ಲಿನ್ ಇಪ್ಪತ್ತು ವರ್ಷಗಳ ಬಳಿಕ ಅಮೆರಿಕಕ್ಕೆ ಮರಳಿ ಗೌರವ ಆಸ್ಕರ್ ಪಡೆದರು. ಅದೇ ವರ್ಷ ವೀರಣ್ಣನವರಿಗೆ ಪದ್ಮಶ್ರೀ ಬಂತು; ಅದೇ ವರ್ಷ ಅವರು ತೀರಿಕೊಂಡರು. ಚಾರ್ಲಿಯ ನಗು ಇಂದು ನಮ್ಮ ಕೋಣೆಗೂ ಬರುತ್ತದೆ. ಕಳ್ಳನ ನಗು ಹೆಚ್ಚಾಗಿ ನೋಡಿದವರ ನೆನಪಿನೊಂದಿಗೇ ಹೋಯಿತು. ಗಡಿ ದಾಟುವ ನಗುವೇ ದೊಡ್ಡದೆಂದು ನಾನೂ ಒಪ್ಪಿಕೊಂಡುಬಿಟ್ಟಿದ್ದೆ.

ಮೊನ್ನೆ ಒಡಿಶಾದ ಗೆಳೆಯನ ಜೊತೆ ಟೀ ಅಂಗಡಿಯಲ್ಲಿ ನಿಂತಿದ್ದೆ. ಗಿರಾಕಿಯೊಬ್ಬರು, "ಇದೇನ್ರೀ, ಟೀನೋ ಕಾವೇರಿ ನೀರೋ?" ಎಂದು ರೇಗಿದರು. ಅಂಗಡಿಯವರು, "ಕಾವೇರಿ ನಮ್ ಬೀದಿಗೆ ಎಲ್ ಬಂದವ್ಳೆ ಸ್ವಾಮಿ? ಇದು ಟ್ಯಾಂಕರ್ ನೀರು" ಅಂದರು. ನಾನು ಹಿಂದಿಯಲ್ಲಿ ಹೇಳಲು ತಿರುಗುವ ಮೊದಲೇ ಗೆಳೆಯ ಗೊಳ್ಳೆಂದು ನಕ್ಕಿದ್ದ. ಆ ಮಾತಿಗೆ ನಗಲು ಕನ್ನಡವಷ್ಟೇ ಸಾಲದು, ಈ ಬೀದಿಯಲ್ಲಿ ಕೊಡ ಹಿಡಿದು ಕಾದಿರಬೇಕು.

ಚಾರ್ಲಿಗೆ ಅವನು ಮೊದಲ ನೋಟಕ್ಕೇ ನಕ್ಕಿದ್ದ. ಈ ನಗುವಿಗೆ ಎರಡು ವರ್ಷ ಹಿಡಿಯಿತು. ಬರುವ ಭಾನುವಾರ ಆ ಕಳ್ಳನ ಪ್ರಸಂಗವನ್ನು ಕನ್ನಡದಲ್ಲೇ ಹೇಳಿ ನೋಡಬೇಕು.