ಬಾಟಲಿಯಿಂದ ಲೋಟಕ್ಕೆ, ಮಡಿಲಿನಿಂದ ನೆಲಕ್ಕೆ: ಕೂರಲು ಕಲಿಯುವ ಕಂದ

ಮಗುವಿನ ಬೆಳವಣಿಗೆಯಲ್ಲಿ ಆರನೆಯ ತಿಂಗಳು ಒಂದು ಸಂಧಿಕಾಲ. ಅದುವರೆಗೆ ಮಲಗಿಯೇ ಲೋಕವನ್ನು ನೋಡುತ್ತಿದ್ದ ಕೂಸು ಎದ್ದು ಕೂರಲು ಹವಣಿಸತೊಡಗುತ್ತದೆ. ಹಾಲಿನ ಹೊರತು ಬೇರೇನನ್ನೂ ಅರಿಯದ ನಾಲಗೆ ರಾಗಿ ಸರಿಯ ರುಚಿ ನೋಡುತ್ತದೆ. ದೊಡ್ಡವರ ಕೈಯಲ್ಲಿರುವ ಲೋಟದತ್ತ ಪುಟ್ಟ ಕೈಗಳು ಚಾಚುತ್ತವೆ. ಈ ಮೂರೂ ಹೆಚ್ಚು ಕಡಿಮೆ ಏಕಕಾಲಕ್ಕೆ ಘಟಿಸುವುದು ಆಕಸ್ಮಿಕವಲ್ಲ. ಬೆನ್ನು ನೆಟ್ಟಗಾಗದೆ ಕುತ್ತಿಗೆ ಸ್ಥಿರವಾಗದು, ಕುತ್ತಿಗೆ ಸ್ಥಿರವಾಗದೆ ದವಡೆ ಹತೋಟಿಗೆ ಬಾರದು, ದವಡೆ ಹತೋಟಿಗೆ ಬಾರದೆ ಲೋಟದ ಅಂಚಿನಿಂದ ಗುಟುಕು ಹೀರಲಾಗದು. ಕೂರುವುದು ಮತ್ತು ಕುಡಿಯುವುದು ಬೇರೆ ಬೇರೆ ವಿದ್ಯೆಗಳೆಂದು ತೋರಿದರೂ ಅವೆರಡರ ಬೇರು ಒಂದೇ.

ನಗರದ ಮನೆಗಳಲ್ಲಿ ಈ ಸಂಧಿಕಾಲಕ್ಕೆ ಮತ್ತೊಂದು ಒತ್ತಡವೂ ಸೇರಿಕೊಂಡಿದೆ. 2017ರ ಕಾನೂನು ತಿದ್ದುಪಡಿಯು ಉದ್ಯೋಗಸ್ಥ ಮಹಿಳೆಯರಿಗೆ ಮೊದಲ ಎರಡು ಮಕ್ಕಳ ಸಂದರ್ಭದಲ್ಲಿ ದೊರೆಯುವ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಇದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುನ್ನವೇ ಬಳಸಿಕೊಳ್ಳಬಹುದಾದ ಕಾರಣ, ತಾಯಿ ಮರಳಿ ಕಚೇರಿಯ ಹಾದಿ ಹಿಡಿಯುವಾಗ ಮಗುವಿಗೆ ನಾಲ್ಕರಿಂದ ಆರು ತಿಂಗಳು ತುಂಬಿರುತ್ತದೆ. ಬಾಟಲಿ ಮನೆಯೊಳಗೆ ಕಾಲಿಡುವುದು ಬಹುತೇಕ ಆಗಲೇ. ಅದು ಬರುವುದು ಸುಲಭ, ಹೊರಡುವುದು ಸುಲಭವಲ್ಲ. ಮೂರು ವರ್ಷ ತುಂಬಿದ ಮೇಲೂ ಬಾಟಲಿ ಇಲ್ಲದೆ ಕಣ್ಣು ಮುಚ್ಚದ ಮಕ್ಕಳನ್ನು ಮಕ್ಕಳ ವೈದ್ಯರು ದಿನನಿತ್ಯ ಕಾಣುತ್ತಾರೆ.

<b>ಒಳಲೆಯನ್ನು ಮರೆತದ್ದು</b>

ಕನ್ನಡದ ಮನೆಗಳಿಗೆ ರಬ್ಬರ್ ತೊಟ್ಟಿನ ಬಾಟಲಿ ಹೊಸಬ. ಅದಕ್ಕೆ ಮೊದಲು ಒಳಲೆ ಇತ್ತು. ಒಂದು ಬದಿಗೆ ಕೊಕ್ಕಿನಂತೆ ಚಾಚಿದ ತುದಿಯುಳ್ಳ, ಅಂಗೈಯಲ್ಲಿ ಅಡಗುವ ಬೆಳ್ಳಿ, ಹಿತ್ತಾಳೆ ಅಥವಾ ಉಕ್ಕಿನ ಪಾತ್ರೆಯದು. ತಮಿಳರು ಅದನ್ನು ಪಾಲಡೈ ಎನ್ನುತ್ತಾರೆ. ಅಜ್ಜಿಯರ ಪೆಟ್ಟಿಗೆ ಸೇರಿದ ಈ ಸಾಧನ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ಮಾತ್ರ ಗೌರವ ಉಳಿಸಿಕೊಂಡಿರುವುದು ವಿಶೇಷ. ಅವಧಿಗೆ ಮುನ್ನ ಹುಟ್ಟಿ, ಎದೆಯಿಂದ ನೇರವಾಗಿ ಹೀರಲು ಶಕ್ತಿಯಿಲ್ಲದ ಮಕ್ಕಳಿಗೆ ತಾಯಿಯ ಹಾಲನ್ನು ಹಿಂಡಿ ತೆಗೆದು ಕುಡಿಸಲು ದಾದಿಯರು ಇಂದಿಗೂ ಒಳಲೆಯನ್ನೋ ಪುಟ್ಟ ಲೋಟವನ್ನೋ ಬಳಸುತ್ತಾರೆ. ವಾರದ ಕೂಸು ಸಹ ಲೋಟದ ಅಂಚಿನಿಂದ ಹಾಲನ್ನು ನೆಕ್ಕಿ ಕುಡಿಯಬಲ್ಲುದು ಎಂಬುದು ಅಲ್ಲಿ ನಿತ್ಯ ಸಿದ್ಧವಾಗುವ ಸತ್ಯ. ಆದುದರಿಂದ ಆರು ತಿಂಗಳ ಮಗುವಿಗೆ ಲೋಟ ಹಿಡಿಯಲು ಇನ್ನೂ ವಯಸ್ಸಾಗಿಲ್ಲ ಎಂಬ ಮಾತಿಗೆ ಆಧಾರವಿಲ್ಲ.

ಎದೆಹಾಲು ಕುಡಿದು ಬೆಳೆದ ಮಗು ಬಾಟಲಿಯ ಹಂಗಿಲ್ಲದೆಯೇ ಲೋಟಕ್ಕೆ ದಾಟಬಹುದು. ತಾಯಿ ಕೆಲಸಕ್ಕೆ ಹೊರಟಳೆಂದ ಮಾತ್ರಕ್ಕೆ ಬಾಟಲಿ ಅನಿವಾರ್ಯವಲ್ಲ. ಹಿಂಡಿಟ್ಟ ಹಾಲನ್ನು ಮನೆಯವರು ಒಳಲೆ, ಚಮಚ ಅಥವಾ ಲೋಟದಲ್ಲಿ ಕುಡಿಸಬಹುದು. ಮೊದಲ ಕೆಲವು ದಿನ ಅರ್ಧ ಗಂಟೆ ಹಿಡಿದೀತು, ಒಂದಿಷ್ಟು ಚೆಲ್ಲಿ ಹೋದೀತು. ಬಾಟಲಿ ಬಿಡಿಸುವ ಮುಂದಿನ ವರ್ಷದ ಜಗಳಕ್ಕೆ ಹೋಲಿಸಿದರೆ ಅದು ಹಗುರವೇ.

ಬಾಟಲಿಯ ಮೇಲಿನ ಮುಖ್ಯ ಆಕ್ಷೇಪ ಶುಚಿತ್ವದ್ದು. ತೊಟ್ಟಿನ ಒಳಮೈ, ಮುಚ್ಚಳದ ತಿರುಪು, ಬಾಟಲಿಯ ಕುತ್ತಿಗೆ ಇವುಗಳಲ್ಲಿ ಹಾಲಿನ ಜಿಡ್ಡು ಅಂಟಿ ಉಳಿದು ರೋಗಾಣುಗಳಿಗೆ ನೆಲೆಯಾಗುತ್ತದೆ. ಅತಿಸಾರದ ಮೂಲವನ್ನು ನೀರಿನಲ್ಲಿ ಹುಡುಕುವವರು ಒಮ್ಮೊಮ್ಮೆ ತೊಟ್ಟನ್ನು ಮಗುಚಿ ನೋಡುವುದು ಒಳಿತು. ಬಾಯಗಲದ ಲೋಟವನ್ನಾದರೋ ಸಾಬೂನು ನೀರಿನಲ್ಲಿ ತೊಳೆದು ಕಣ್ಣಾರೆ ಪರೀಕ್ಷಿಸಬಹುದು. ಈ ಕಾಳಜಿಯಿಂದಲೇ ಭಾರತ ಸರ್ಕಾರ 1992ರಲ್ಲಿ ಶಿಶು ಹಾಲಿನ ಬದಲಿಗಳು, ಹಾಲೂಡಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳ ಕುರಿತ ಕಾಯ್ದೆಯನ್ನು ತಂದು, 2003ರಲ್ಲಿ ಅದನ್ನು ಮತ್ತಷ್ಟು ಬಿಗಿಗೊಳಿಸಿತು. ಬಾಟಲಿಗಳ ಜಾಹೀರಾತು ಈ ದೇಶದಲ್ಲಿ ನಿಷಿದ್ಧ. ಟಿ.ವಿ.ಯಲ್ಲಿ ಬಗೆಬಗೆಯ ಸೋಪು, ಡಯಾಪರ್ ಕಂಡರೂ ಹಾಲಿನ ಬಾಟಲಿ ಕಾಣದಿರುವುದರ ಹಿಂದೆ ಈ ಕಾನೂನಿದೆ.

<b>ತಾನೇ ಕೂರುವುದು</b>

ಹಿಡಿಸಿದರೆ ಕೂರುವುದು ಬೇರೆ, ತಾನೇ ಕೂರುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದ 816 ಮಕ್ಕಳನ್ನು ಕ್ರಮವಾಗಿ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸ್ಪಷ್ಟ ಅಳತೆಗೋಲನ್ನು ನೀಡಿತು. ತಲೆಯನ್ನು ನೆಟ್ಟಗಿರಿಸಿ, ಕೈಗಳನ್ನು ಊರದೆ, ಕನಿಷ್ಠ 10 ಸೆಕೆಂಡು ನೇರವಾಗಿ ಕುಳಿತರೆ ಮಾತ್ರ ಅದು ಆಧಾರವಿಲ್ಲದ ಕೂರುವಿಕೆ. ಆರೋಗ್ಯವಂತ ಮಕ್ಕಳು ಈ ಹಂತವನ್ನು 3.8 ತಿಂಗಳಿನಿಂದ 9.2 ತಿಂಗಳ ನಡುವೆ ಯಾವಾಗ ಬೇಕಾದರೂ ತಲುಪಬಹುದು. ಅರ್ಧದಷ್ಟು ಮಕ್ಕಳು ಆರು ತಿಂಗಳ ಹೊತ್ತಿಗೆ ತಲುಪಿರುತ್ತಾರೆ. ಪಕ್ಕದ ಮನೆಯ ಮಗು ಐದನೆಯ ತಿಂಗಳಿಗೇ ಕುಳಿತಿತೆಂದು ಏಳು ತಿಂಗಳ ಮಗುವಿನ ತಾಯಿ ನಿದ್ದೆಗೆಡಬೇಕಿಲ್ಲ. ಅವಧಿಗೆ ಮುನ್ನ ಹುಟ್ಟಿದ ಮಗುವಿನ ವಯಸ್ಸನ್ನು ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಿದ್ದ ದಿನದಿಂದ ಎಣಿಸಬೇಕೆಂಬುದನ್ನು ಬಂಧುಬಳಗ ಮರೆಯುವುದೇ ಹೆಚ್ಚು. ಎರಡು ತಿಂಗಳು ಮೊದಲೇ ಹುಟ್ಟಿದ ಮಗು ಒಂಬತ್ತನೆಯ ತಿಂಗಳಿನಲ್ಲಿ ಏಳು ತಿಂಗಳ ಮಗುವಿನಂತೆ ವರ್ತಿಸಿದರೆ ಅದು ಹಿಂದುಳಿದಂತಲ್ಲ.

ಹತೋಟಿ ತಲೆಯಿಂದ ಕೆಳಗಿಳಿಯುತ್ತ ಬರುತ್ತದೆ. ನಾಲ್ಕನೆಯ ತಿಂಗಳ ಹೊತ್ತಿಗೆ ಕುತ್ತಿಗೆ ನಿಲ್ಲುತ್ತದೆ. ಆಮೇಲೆ ಎದೆಭಾಗ, ಕೊನೆಗೆ ಸೊಂಟ. ನಡುವೆ ಮಗು ಎರಡೂ ಕೈಗಳನ್ನು ಮುಂದಕ್ಕೆ ಊರಿ, ಮುಕ್ಕಾಲು ಮಣೆಯಂತೆ ಬಾಗಿ ಕೂರುತ್ತದೆ. ಕೈಗಳು ನೆಲಕ್ಕಂಟಿರುವವರೆಗೆ ಆಟಿಕೆ ಹಿಡಿಯಲಾಗದು, ಲೋಟವನ್ನೂ ಹಿಡಿಯಲಾಗದು. ಬೆನ್ನು ಗಟ್ಟಿಯಾದೊಡನೆ ಕೈಗಳಿಗೆ ಬಿಡುಗಡೆ ದೊರೆಯುತ್ತದೆ. ಬೀಳುವಾಗ ಕೈ ಊರಿ ತಡೆದುಕೊಳ್ಳುವ ಜಾಣ್ಮೆ ಮೊದಲು ಮುಂದಕ್ಕೆ, ಆಮೇಲೆ ಪಕ್ಕಕ್ಕೆ, ಎಲ್ಲಕ್ಕಿಂತ ತಡವಾಗಿ ಹಿಂದಕ್ಕೆ ಬರುತ್ತದೆ. ಚೆನ್ನಾಗಿ ಕೂರುವ ಮಗುವೂ ಕೆಲವು ವಾರ ಹಿಂದಕ್ಕೆ ಉರುಳಿ ತಲೆ ಬಡಿದುಕೊಳ್ಳುವುದು ಇದರಿಂದಲೇ. ಮಂಚದ ಮೇಲೆ ಕೂರಿಸಿ ಅಡುಗೆಮನೆಗೆ ಹೋಗಿಬರುವುದು ಈ ವಯಸ್ಸಿನಲ್ಲಿ ಅಪಾಯ. ಚಾಪೆಯ ಮೇಲೆ ಜಮಖಾನ ಹಾಸಿದ ನೆಲವೇ ಯೋಗ್ಯ.

ಕೂರಲು ನೆರವಾಗುವ ಅತ್ಯುತ್ತಮ ವ್ಯಾಯಾಮವೆಂದರೆ ಕೂರಿಸುವುದಲ್ಲ, ಬೋರಲು ಮಲಗಿಸುವುದು. ಎಚ್ಚರವಿರುವಾಗ, ಯಾರಾದರೂ ಎದುರಿಗಿರುವಾಗ, ದಿನಕ್ಕೆ ಹಲವು ಬಾರಿ ಕೆಲವು ನಿಮಿಷ ಬೋರಲು ಬಿಟ್ಟ ಮಗು ತಲೆಯೆತ್ತಿ, ಎದೆಯೆತ್ತಿ, ಮುಂಗೈ ಊರಿ ಕುತ್ತಿಗೆ ಮತ್ತು ಬೆನ್ನಿನ ಸ್ನಾಯುಗಳನ್ನು ಪಳಗಿಸಿಕೊಳ್ಳುತ್ತದೆ. ನಿದ್ದೆಗೆ ಮಾತ್ರ ಅಂಗಾತವೇ ಸರಿ. ದಿನವಿಡೀ ತೊಟ್ಟಿಲು, ಕಾರಿನ ಆಸನ, ಎಲ್ಲ ಕಡೆಯಿಂದಲೂ ಹಿಡಿದಿಡುವ ಪ್ಲಾಸ್ಟಿಕ್ ಕುರ್ಚಿ ಎಂದು ಸಾಗಿಸಲ್ಪಡುವ ಮಗುವಿಗೆ ಈ ಅವಕಾಶ ದೊರೆಯದು. ಸುತ್ತ ದಿಂಬಿಟ್ಟು, ಹಳೆಯ ಸೀರೆಯನ್ನು ಸಿಂಬೆಯಂತೆ ಸುತ್ತಿ ನಡುವೆ ಮಗುವನ್ನಿರಿಸುವ ಹಳೆಯ ರೂಢಿ ಅಲ್ಪಕಾಲಕ್ಕೆ ಸರಿಯೇ. ಆದರೆ ಕಣ್ಗಾವಲು ಬೇಕು, ದಿಂಬಿನಲ್ಲಿ ಮುಖ ಹುದುಗಿ ಉಸಿರುಗಟ್ಟುವ ಭಯವಿದೆ. ಬಡಿಸುವ ಪೀಠದಂತಹ ವಾಕರ್ ಕುರಿತು ಯಾವ ರಿಯಾಯಿತಿಯೂ ಸಲ್ಲದು. ಮೆಟ್ಟಿಲಿನಿಂದ ಉರುಳಿದ ಪ್ರಕರಣಗಳ ಹಿನ್ನೆಲೆಯಲ್ಲಿ ಕೆನಡಾ 2004ರಲ್ಲಿಯೇ ಅದನ್ನು ನಿಷೇಧಿಸಿತು. ನಮ್ಮಲ್ಲಿ ಅದಿನ್ನೂ ಮೊದಲ ಹುಟ್ಟುಹಬ್ಬದ ಉಡುಗೊರೆ.

<b>ಲೋಟ ಹಿಡಿಸುವ ಬಗೆ</b>

ಮಗುವನ್ನು ಮಡಿಲಿನಲ್ಲಿ ನೇರವಾಗಿ ಕೂರಿಸಿಕೊಂಡು, ಪುಟ್ಟ ಲೋಟದ ಅಂಚನ್ನು ಕೆಳತುಟಿಯ ಮೇಲೆ ಹಗುರವಾಗಿ ಇರಿಸಬೇಕು. ಹಾಲು ತುಟಿಗೆ ತಾಕುವಷ್ಟೇ ಬಾಗಿಸಿ ತಡೆಯಬೇಕು. ಬಾಯಿಗೆ ಸುರಿಯಬಾರದು. ಮಗು ತಾನೇ ನಾಲಗೆ ಚಾಚಿ ಹೀರುತ್ತದೆ, ನುಂಗುತ್ತದೆ, ಉಸಿರು ಬಿಡುತ್ತದೆ, ಮತ್ತೆ ಬಾಯಿ ತೆರೆಯುತ್ತದೆ. ಆ ಲಯ ಮಗುವಿನದೇ ಆಗಿರಬೇಕು. ಆರಂಭಕ್ಕೆ 30 ಮಿ.ಲೀ.ಯಷ್ಟು, ಪಂಚಪಾತ್ರೆಯ ಗಾತ್ರದ ಲೋಟ ಸಾಕು. ನಾಮಕರಣಕ್ಕೆ ಬಂದು ಬೀರುವಿನಲ್ಲಿ ಭದ್ರವಾಗಿ ಕುಳಿತ ಬೆಳ್ಳಿ ಲೋಟಕ್ಕೆ ಇದಕ್ಕಿಂತ ಉತ್ತಮ ಬಳಕೆ ಇನ್ನೊಂದಿಲ್ಲ. ಆರು ತಿಂಗಳು ತುಂಬಿದ ಮೇಲೆ ಕಾಯಿಸಿ ಆರಿಸಿದ ನೀರಿನಿಂದ, ಊಟದ ಜೊತೆಗೆ ಒಂದೆರಡು ಗುಟುಕಿನಿಂದ ಅಭ್ಯಾಸ ಆರಂಭಿಸಬಹುದು; ಹಾಲು ಚೆಲ್ಲಿದರೆ ಆಗುವ ಸಂಕಟ ನೀರು ಚೆಲ್ಲಿದರೆ ಆಗದು.

ಅಂಗಡಿಗಳಲ್ಲಿ ದೊರೆಯುವ, ಮುಚ್ಚಳಕ್ಕೆ ಕೊಕ್ಕಿರುವ ಸಿಪ್ಪರ್ ಕುರಿತು ಒಂದು ಮಾತು. ತಲೆಕೆಳಗು ಮಾಡಿದರೂ ಚೆಲ್ಲದ ಸಿಪ್ಪರ್‌ನೊಳಗೆ ಕವಾಟವಿರುತ್ತದೆ. ಅದರಿಂದ ಕುಡಿಯಲು ಮಗು ಬಾಟಲಿಯಂತೆಯೇ ಬಲವಾಗಿ ಚೀಪಬೇಕು. ಹೆಸರು ಲೋಟ, ಗುಣ ಬಾಟಲಿ. ಪ್ರಯಾಣದಲ್ಲಿ ಅನುಕೂಲವೆಂಬುದು ನಿಜ, ಕಲಿಕೆಯ ಸಾಧನವೆಂಬುದು ನಿಜವಲ್ಲ. ಮನೆಯ ಉಕ್ಕಿನ ಲೋಟ ಅಗ್ಗ, ಒಡೆಯದು, ಕುದಿಸಬಹುದು.

ಬಾಟಲಿಗೆ ಆಗಲೇ ಒಗ್ಗಿದ ಮಗುವಿನಿಂದ ಅದನ್ನು ಒಂದೇ ದಿನದಲ್ಲಿ ಕಸಿಯುವ ಅಗತ್ಯವಿಲ್ಲ. ಮಧ್ಯಾಹ್ನದ ಬಾಟಲಿಯನ್ನು ಮೊದಲು ಲೋಟಕ್ಕೆ ಬದಲಿಸಬೇಕು, ಏಕೆಂದರೆ ಆಗ ಮಗು ಆಟದಲ್ಲಿರುತ್ತದೆ, ಹಠ ಕಡಿಮೆ. ವಾರ ಕಳೆದ ಮೇಲೆ ಬೆಳಗಿನದು. ಮಲಗುವ ಹೊತ್ತಿನದು ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ಆಗ ಮಗು ಬಯಸುವುದು ಹಾಲನ್ನಲ್ಲ, ಸಾಂತ್ವನವನ್ನು. ಅದರ ಜಾಗದಲ್ಲಿ ಬೆನ್ನು ತಟ್ಟುವ ಕೈಯನ್ನೋ ಜೋಗುಳವನ್ನೋ ಇಡದೆ ಬಾಟಲಿಯನ್ನು ಮಾತ್ರ ತೆಗೆದರೆ ಮನೆಮಂದಿಗೆಲ್ಲ ಜಾಗರಣೆ. ಒಂದು ವರ್ಷದಿಂದ ಆರಂಭಿಸಿ ಒಂದೂವರೆ ವರ್ಷದೊಳಗೆ ಬಾಟಲಿ ಪೂರ್ತಿಯಾಗಿ ಮನೆಯಿಂದ ಹೊರಡಬೇಕೆಂಬುದು ಮಕ್ಕಳ ವೈದ್ಯರು ಹಾಗೂ ದಂತವೈದ್ಯರ ಸಲಹೆ. ಎರಡು ವರ್ಷ ತುಂಬಿದ ಮೇಲೆ ಮಗುವಿಗೆ ವಾದ ಮಾಡಲು ಮಾತೂ ಬಂದಿರುತ್ತದೆ.

ಬಾಯಲ್ಲಿ ಬಾಟಲಿ ಇಟ್ಟುಕೊಂಡೇ ನಿದ್ರಿಸುವ ಅಭ್ಯಾಸದ ಬೆಲೆ ಹಲ್ಲಿಗೆ ಬೀಳುತ್ತದೆ. ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗಿ, ಸಿಹಿಯಾದ ಹಾಲು ಮೇಲಿನ ಮುಂಹಲ್ಲುಗಳ ಸುತ್ತ ನಿಂತು ಹುಳುಕಿಗೆ ದಾರಿ ಮಾಡಿಕೊಡುತ್ತದೆ. ಅಂಗಾತ ಮಲಗಿ ಕುಡಿಯುವ ಮಗುವಿಗೆ ಕಿವಿಯ ಸೋಂಕು ಸಹ ಸುಲಭವಾಗಿ ತಗಲುತ್ತದೆ. ಇದಕ್ಕಿಂತ ಗಂಭೀರವಾದದ್ದು ಕಣ್ಣಿಗೆ ಬೀಳದ ರಕ್ತಹೀನತೆ. ವರ್ಷ ತುಂಬಿದ ಮಗು ದಿನಕ್ಕೆ ಲೀಟರಿನಷ್ಟು ಹಸುವಿನ ಹಾಲನ್ನು ಬಾಟಲಿಯಲ್ಲಿ ಕುಡಿದರೆ ಮನೆಯವರಿಗೆ ಸಂತೋಷ, ಮಗುವಿಗೆ ಊಟ ಬೇಡ. ಹಾಲಿನಲ್ಲಿ ಕಬ್ಬಿಣಾಂಶ ಅತ್ಯಲ್ಪ. ಇತರ ಆಹಾರದಿಂದ ಬರಬೇಕಾದ ಕಬ್ಬಿಣವನ್ನೂ ಅದು ತಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿ ರಕ್ತಹೀನರು. ಇದಕ್ಕೆಲ್ಲ ಬಾಟಲಿಯೇ ಕಾರಣವೆಂದಲ್ಲ, ಆದರೆ ಹಾಲು ಕುಡಿದು ಗುಂಡಗಿರುವ, ಬಿಳುಚಿದ ಮಗುವನ್ನು ಆರೋಗ್ಯವಂತ ಎಂದು ಬಗೆಯುವುದು ನಗರದ ಸಾಮಾನ್ಯ ತಪ್ಪು. ವರ್ಷದ ನಂತರ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಬೇಡ. ವರ್ಷದೊಳಗೆ ಹಸುವಿನ ಹಾಲು ಮುಖ್ಯ ಪಾನೀಯವಾಗಲೇಬಾರದು.

<b>ತಡವಾದಾಗ</b>

ಒಂಬತ್ತು ತಿಂಗಳು ತುಂಬಿದರೂ ಆಧಾರವಿಲ್ಲದೆ ಕೂರದ ಮಗುವನ್ನು ವೈದ್ಯರಿಗೆ ತೋರಿಸಬೇಕು. ದಡಾರ-ರುಬೆಲ್ಲಾ ಲಸಿಕೆಯ ಮೊದಲ ಚುಚ್ಚುಮದ್ದು ಆ ತಿಂಗಳಿಗೇ ಬರುವುದರಿಂದ ಪ್ರತ್ಯೇಕ ಭೇಟಿಯೂ ಬೇಕಿಲ್ಲ. ನಾಲ್ಕು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, ಮೈ ತೀರ ಸಡಿಲ ಅಥವಾ ತೀರ ಬಿಗಿ ಎನಿಸಿದರೆ, ವರ್ಷದೊಳಗೇ ಒಂದು ಕೈಯನ್ನು ಮಾತ್ರ ಬಳಸಿ ಇನ್ನೊಂದನ್ನು ಮುಷ್ಟಿ ಬಿಗಿದೇ ಇಟ್ಟರೆ, ಕಲಿತದ್ದನ್ನು ಮಗು ಮರೆಯುತ್ತ ಬಂದರೆ ಒಂಬತ್ತನೆಯ ತಿಂಗಳವರೆಗೆ ಕಾಯುವಂತಿಲ್ಲ. ಕುಡಿಯುವಾಗ ಪ್ರತಿಬಾರಿಯೂ ಕೆಮ್ಮಿ ಉಸಿರುಗಟ್ಟುವುದು ಸಹ ಅದೇ ಪಟ್ಟಿಗೆ ಸೇರಿದ್ದು. "ಅವರಪ್ಪನೂ ತಡವಾಗಿಯೇ ಕೂತದ್ದು" ಎಂಬ ಹಿರಿಯರ ಸಮಾಧಾನದಲ್ಲಿ ಅಮೂಲ್ಯ ತಿಂಗಳುಗಳು ಕಳೆದುಹೋಗುವುದುಂಟು. ಹೊಕ್ಕುಳಬಳ್ಳಿಯ ತೊಡಕು, ಹುಟ್ಟುವಾಗ ಅಳದಿರುವುದು, ತೀವ್ರ ಕಾಮಾಲೆ ಮುಂತಾದ ಇತಿಹಾಸವಿದ್ದಲ್ಲಿ ಆ ಸಮಾಧಾನವನ್ನು ನಂಬಲೇಬಾರದು.

ತಡವಾಗುವುದಕ್ಕೆ ಕಾರಣಗಳು ಹಲವು. ಕೆಲವು ಸುಲಭವಾಗಿ ಸರಿಪಡುವಂತಹವು. ಶುದ್ಧ ಸಸ್ಯಾಹಾರಿ ತಾಯಿಯಲ್ಲಿ ಬಿ-12 ಜೀವಸತ್ವದ ಕೊರತೆಯಿದ್ದರೆ ಎದೆಹಾಲಿನಲ್ಲಿಯೂ ಅದು ಇರದು. ಅಂತಹ ಮಗು ಮಂಕಾಗಿ, ಸಡಿಲವಾಗಿ, ನಗುವುದನ್ನೂ ಮರೆಯುತ್ತದೆ. ಬೇಗ ಗುರುತಿಸಿ ಚಿಕಿತ್ಸೆ ಕೊಟ್ಟರೆ ಕೆಲವೇ ದಿನಗಳಲ್ಲಿ ಕಣ್ಣಿನಲ್ಲಿ ಹೊಳಪು ಮರಳುತ್ತದೆ. ಥೈರಾಯ್ಡ್ ಕೊರತೆಯೂ ರಕ್ತಪರೀಕ್ಷೆಯಿಂದ ತಿಳಿಯುವಂತಹುದು. ಮಿದುಳಿನ ಪಾರ್ಶ್ವವಾಯುವಿನಂತಹ ತೊಂದರೆಗಳಲ್ಲಿ ಗುಣ ಎಂಬುದಿರದಿದ್ದರೂ ಮೊದಲ ವರ್ಷದೊಳಗೆ ಆರಂಭಿಸಿದ ಫಿಸಿಯೋಥೆರಪಿಯ ಫಲ ದೊಡ್ಡದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳ ತಪಾಸಣೆ ಮತ್ತು ಮುಂದಿನ ಚಿಕಿತ್ಸೆ ಉಚಿತ. ಕುಡಿಯುವ, ನುಂಗುವ ತೊಂದರೆಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರಿಣತರ ನೆರವು ದೊರೆಯುತ್ತದೆ.

ವೈದ್ಯರಲ್ಲಿಗೆ ಹೋಗುವಾಗ ತಾಯಿ ಕಾರ್ಡನ್ನು ಮರೆಯದೆ ಒಯ್ಯಬೇಕು. ಮಗು ಅಪರಿಚಿತ ಕೋಣೆಯಲ್ಲಿ ಅಳುತ್ತ, ಮನೆಯಲ್ಲಿ ಮಾಡುವುದನ್ನು ಅಲ್ಲಿ ಮಾಡದೆ ಇರುವುದು ಸಹಜ. ಆದ್ದರಿಂದ ಮಗು ನೆಲದ ಮೇಲೆ ಕುಳಿತಿರುವುದನ್ನೂ ಲೋಟದಲ್ಲಿ ಕುಡಿಯುವುದನ್ನೂ ಮೊಬೈಲ್‌ನಲ್ಲಿ ಒಂದೆರಡು ನಿಮಿಷ ಚಿತ್ರೀಕರಿಸಿಕೊಂಡು ಹೋದರೆ, ವೈದ್ಯರಿಗೆ ಹತ್ತು ಪ್ರಶ್ನೆಗಳಿಂದ ತಿಳಿಯದ ಸಂಗತಿ ಅದರಿಂದ ತಿಳಿಯುತ್ತದೆ.