ಪಾಯಾಳು: ಕಾಲು ಮುಂದಾಗಿ ಬಂದವರ ಚರಿತ್ರೆ

ನಾನಿರುವ ಕೊಂಢವಾದಲ್ಲಿ ಯಾರಿಗಾದರೂ ಬೆನ್ನು ಉಳುಕಿದರೆ, ಹಿರಿಯರು ಈಗಲೂ 'ಪಾಯಾಳು' ಯಾರಾದರೂ ಇದ್ದಾರಾ ಎಂದು ಕೇಳುವುದುಂಟು. ಕಾಲು ಮುಂದಾಗಿ ಹುಟ್ಟಿದವರಿಗೆ ಮರಾಠಿಯಲ್ಲಿ ಆ ಹೆಸರು. ಅವರು ಮೆಲ್ಲಗೆ ಒದ್ದರೆ ಉಳುಕು ಬಿಡುತ್ತದಂತೆ. ನಮ್ಮ ಕಡೆಯ ಊರುಗಳಲ್ಲೂ ಈ ನಂಬಿಕೆ ಇದೆ. ನಿಜವೋ ಸುಳ್ಳೋ, ಆ ಹೆಸರು ಸಿಕ್ಕಿದ್ದು ಬದುಕಿ ಉಳಿದವರಿಗೆ ಮಾತ್ರ. ಹುಟ್ಟುವಾಗಲೇ ಹೋದ ಕೂಸುಗಳನ್ನು ಲೆಕ್ಕ ಇಟ್ಟವರಿಲ್ಲ.

ತಿಂಗಳು ತುಂಬಿದ 100 ಗರ್ಭಗಳಲ್ಲಿ 3-4 ಶಿಶುಗಳು ತಲೆ ಮೇಲಾಗಿ, ಅಂದರೆ ಬ್ರೀಚ್ ಆಗಿ ಇರುತ್ತವೆ. ಮೈಯೆಲ್ಲ ಹೊರಬಂದ ಮೇಲೆ ತಲೆ ಸಿಕ್ಕಿಕೊಳ್ಳಬಹುದು, ಹೊಕ್ಕುಳಬಳ್ಳಿ ಒತ್ತಿಹೋಗಬಹುದು ಎಂಬುದೇ ಇಲ್ಲಿನ ಭಯ.

ಈ ಭಯ ಹಳೆಯದು. ಸುಶ್ರುತ ಸಂಹಿತೆ 'ಮೂಢಗರ್ಭ' ಎಂಬ ಹೆಸರಿನಲ್ಲಿ ಅಡ್ಡಾದಿಡ್ಡಿ ನಿಂತ ಶಿಶುಗಳನ್ನು ವಿವರಿಸಿ, ಕಾಲು ಅಥವಾ ಪೃಷ್ಠ ಮುಂದಾಗಿ ಬಂದರೆ ಏನು ಮಾಡಬೇಕೆಂದು ಹೇಳುತ್ತದೆ. ಕೊನೆಗೆ ಬರುವ ತಲೆಯನ್ನು ಬಿಡಿಸುವ ಕೈಚಳಕಕ್ಕೆ ಇಂದಿಗೂ 17ನೇ ಶತಮಾನದ ಪ್ಯಾರಿಸ್‌ನ ಫ್ರಾನ್ಸ್ವಾ ಮೊರಿಸೋ ಅವರ ಹೆಸರಿದೆ. ನಮ್ಮ ಪುಣೆಯ ಡಾ. ಆನಂದಿಬಾಯಿ ಜೋಶಿ 1886ರಲ್ಲಿ ಅಮೆರಿಕದಲ್ಲಿ ವೈದ್ಯ ಪದವಿಗಾಗಿ ಬರೆದ ಪ್ರಬಂಧವೂ ಪ್ರಾಚೀನ ಹಿಂದೂಗಳ ಪ್ರಸೂತಿ ಶಾಸ್ತ್ರದ ಬಗ್ಗೆಯೇ. 14ರ ವಯಸ್ಸಿನಲ್ಲಿ ಹೆತ್ತ ಮಗು ಹತ್ತೇ ದಿನಕ್ಕೆ ತೀರಿಹೋದಾಗ ವೈದ್ಯೆಯಾಗುವ ಛಲ ಅವರಲ್ಲಿ ಹುಟ್ಟಿತ್ತು. ಇತ್ತ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಈ ವಿದ್ಯೆ ಕೈಯಿಂದ ಕೈಗೆ ಬಂದದ್ದು.

ತಿರುವು ಬಂದದ್ದು 2000ದಲ್ಲಿ. ಕೆನಡಾದ ಮೇರಿ ಹ್ಯಾನಾ ಅವರ ತಂಡ 26 ದೇಶಗಳ 2088 ಗರ್ಭಿಣಿಯರ ಅಧ್ಯಯನವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿತು. ಶಿಶುವಿನ ಸಾವು ಅಥವಾ ಗಂಭೀರ ತೊಂದರೆ, ಯೋಜಿತ ಸಿಸೇರಿಯನ್‌ನಲ್ಲಿ ಶೇ. 1.6, ಯೋಜಿತ ಸಹಜ ಹೆರಿಗೆಯಲ್ಲಿ ಶೇ. 5. ಬಹಳಷ್ಟು ದೇಶಗಳು ಸಿಸೇರಿಯನ್ನಿಗೆ ಹೊರಳಿದವು. ಆದರೆ ಅದೇ ಅಧ್ಯಯನದ ಮಕ್ಕಳನ್ನು ಎರಡು ವರ್ಷದ ನಂತರ ನೋಡಿದಾಗ ಎರಡು ಗುಂಪುಗಳ ನಡುವೆ ಅಂತಹ ವ್ಯತ್ಯಾಸ ಕಾಣಲಿಲ್ಲ. 2006ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂನ 8105 ಗರ್ಭಿಣಿಯರ ಅಧ್ಯಯನವೂ, ಸರಿಯಾಗಿ ಆಯ್ದು ನುರಿತವರು ಮಾಡಿಸಿದರೆ ಸಹಜ ಹೆರಿಗೆಯೂ ಸುರಕ್ಷಿತವಾಗಬಲ್ಲದು ಎಂದಿತು. ಅಷ್ಟರಲ್ಲಿ ಹೊಸ ವೈದ್ಯರಿಗೆ ಕಲಿಯುವ ಅವಕಾಶವೇ ಕಡಿಮೆಯಾಗಿತ್ತು.

ನನ್ನ ಮಗಳೂ 36ನೇ ವಾರದಲ್ಲಿ ಬ್ರೀಚ್ ಇದ್ದಳು. ಹೊಟ್ಟೆಯ ಮೇಲಿಂದ ಕೈಯಿಂದ ಒತ್ತಿ ತಿರುಗಿಸುವ ಪ್ರಯತ್ನವಾಯಿತು. ಸುಮಾರು ಅರ್ಧದಷ್ಟು ಮಂದಿಗೆ ಫಲಿಸುವ ಅದು ನನಗೆ ಫಲಿಸಲಿಲ್ಲ. "ಬ್ರೀಚ್ ನಾರ್ಮಲ್ ನಾನು ಮಾಡಿಸಿದ್ದು ಬೆರಳೆಣಿಕೆಯಷ್ಟೇ" ಎಂದು ಡಾಕ್ಟರಮ್ಮ ನೇರವಾಗಿ ಹೇಳಿದರು. ಆ ಪ್ರಾಮಾಣಿಕತೆ ನೋಡಿಯೇ ನಾನು ಸಿಸೇರಿಯನ್ ಒಪ್ಪಿದೆ.

ಗೆಳತಿಯರೇ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5 ಸಿಸೇರಿಯನ್, ಮಹಾರಾಷ್ಟ್ರದಲ್ಲಿ ಶೇ. 25.4. ಗರ್ಭಕೋಶದ ಮೇಲಿನ ಗಾಯದ ಗುರುತು ಮುಂದಿನ ಬಸಿರಿಗೂ ತೊಡಕಾಗಬಹುದು. ಹಾಗೆಂದು ಸಿಸೇರಿಯನ್ ಸೋಲಲ್ಲ, ನಾರ್ಮಲ್ ಗೆಲುವೂ ಅಲ್ಲ. ಮಗು ತಿರುಗದಿದ್ದರೆ ನಿಮ್ಮ ಡಾಕ್ಟರನ್ನು ಮೂರು ವಿಷಯ ಕೇಳಿ: ತಿರುಗಿಸಿ ನೋಡಬಹುದೇ? ಬ್ರೀಚ್ ಹೆರಿಗೆ ಮಾಡಿಸಿದ ಅನುಭವ ಎಷ್ಟಿದೆ? ತುರ್ತು ಬಂದರೆ ಎಷ್ಟು ನಿಮಿಷದಲ್ಲಿ ಆಪರೇಷನ್ ಸಾಧ್ಯ?