‘ಧಾರವಾಡಕ್ಕೆ ಹೋಗಿ ಬಂದವರ’ ನೌಕರಿ

ನಮ್ಮ ಕಡೆ ಯಾರಾದರೂ ತಲೆಕೆಟ್ಟಂತೆ ಮಾತಾಡಿದರೆ ‘ಇವನ್ನ ಧಾರವಾಡಕ್ಕೆ ಕಳಿಸ್ಬೇಕು’ ಅಂತಾರೆ. ಮಾನಸಿಕ ಆಸ್ಪತ್ರೆ ಇರುವ ಊರಿನ ಹೆಸರೇ ಬೈಗುಳವಾದ ಮೇಲೆ, ಗುಳಿಗೆ ನುಂಗುವ ಸಂಗತಿಯನ್ನು ಸಾಹೇಬರ ಮುಂದೆ ಹೇಳುವವರು ಯಾರು? ಮುಚ್ಚಿಟ್ಟವರನ್ನು ನಾವಂತೂ ತಪ್ಪು ಅನ್ನೋದಿಲ್ಲ. 1912ರ ಬ್ರಿಟಿಷ್ ಕಾಯ್ದೆಯ ಹೆಸರಿನಲ್ಲೇ ‘ಹುಚ್ಚು’ ಇತ್ತು. ಆಸ್ಪತ್ರೆಗೆ ಹಾಕುವುದು ಹೇಗೆ ಎಂದು ಅದು ಹೇಳಿತೇ ಹೊರತು ನೌಕರಿ ಉಳಿಸುವ ಮಾತು ಆಡಲಿಲ್ಲ.

ಆ ಮಾತು ಬಂದದ್ದು 1995ರ ಅಂಗವಿಕಲರ ಕಾಯ್ದೆಯಲ್ಲಿ. ಮಾನಸಿಕ ಕಾಯಿಲೆಯೂ ಅದರ ಪಟ್ಟಿಗೆ ಸೇರಿತು. ಸರ್ಕಾರಿ ನೌಕರಿಯಲ್ಲಿ ಇರುವಾಗ ವೈಕಲ್ಯ ಬಂದರೆ ತೆಗೆದುಹಾಕುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ಸಂಬಳಕ್ಕೆ ಬೇರೆ ಕೆಲಸ ಕೊಡಬೇಕು. 2016ರ ಹೊಸ ಕಾಯ್ದೆ ಇದನ್ನು ಉಳಿಸಿಕೊಂಡಿತು. 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಮಾನಸಿಕ ಕಾಯಿಲೆಯಿದ್ದ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಮೇಲಿನ ಶಿಸ್ತುಕ್ರಮವನ್ನೇ ರದ್ದು ಮಾಡಿತು. ಅವರ ನಡತೆಗೆ ಕಾಯಿಲೆಯೊಂದೇ ಕಾರಣ ಆಗಿರಬೇಕಿಲ್ಲ, ಕಾರಣಗಳಲ್ಲಿ ಒಂದಾಗಿದ್ದರೂ ಸಾಕು ಎಂದಿತು.

ಗಾರ್ಮೆಂಟ್ಸ್‌ಗೆ ಹೋಗುವ ನಮ್ಮೂರ ಹೆಣ್ಣುಮಕ್ಕಳಿಗೆ ಮಾತ್ರ ತೆಗೆದುಹಾಕಬಾರದೆಂಬ ಈ ಕಲಂ ಅನ್ವಯಿಸುವುದಿಲ್ಲ. ನಮಗೆ ಕಸಿವಿಸಿ ಅನ್ನಿಸುವುದು ಇಲ್ಲೇ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಗುಟ್ಟು ಕಾಯುವ ಹಕ್ಕು ಅವರಿಗೂ ಇದೆ. ಮ್ಯಾನೇಜರ್ ಫೋನ್ ಮಾಡಿ ಕೇಳಿದರೆಂದು ಡಾಕ್ಟರು ಕಾಯಿಲೆಯ ವಿಷಯ ಬಾಯಿಬಿಡುವಂತಿಲ್ಲ.